ಪ್ರಕಟವಾಗದ ಪಟ್ಟಿ: ಚಲನಚಿತ್ರ ಪ್ರಶಸ್ತಿಗಳ ಕುರಿತು

ಕವಿರಾಜಮಾರ್ಗಕಾರನು ತನಗಿಂತ ಹಿಂದಿನ ಕನ್ನಡ ಗದ್ಯಕಾರರನ್ನು ನೆನೆಯುವಾಗ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಹೆಸರುಗಳನ್ನು ಹೇಳುತ್ತಾನೆ. ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿ ಹೆಸರು ಪಡೆದ ಈ ನಾಲ್ವರ ಕನ್ನಡ ಗದ್ಯದ ಒಂದು ಓಲೆಯೂ ಇಂದು ಉಳಿದಿಲ್ಲ. ಆದರೂ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಪಂಪನಿಗೆ ಬರುವ ಮೊದಲು ಇವರನ್ನು ಸ್ಮರಿಸಿಯೇ ಮುಂದೆ ಹೋಗುತ್ತಾರೆ. ಕೃತಿಗಳು ಹೋದವು, ಪಟ್ಟಿ ಉಳಿಯಿತು; ಪಟ್ಟಿ ಉಳಿದುದರಿಂದ ಅಂತಹ ಕೃತಿಗಳು ಇದ್ದವೆಂಬ ತಿಳಿವು ಉಳಿಯಿತು.

ಚಲನಚಿತ್ರ ಪ್ರಶಸ್ತಿಗಳ ವಿಷಯದಲ್ಲಿ ಪ್ರತಿವರ್ಷ ಏಳುವ ದೂರುಗಳನ್ನು ಓದುವವರಿಗೆ ಈ ಹಳೆಯ ಪ್ರಸಂಗ ನೆನಪಾದರೆ ಆಶ್ಚರ್ಯವಿಲ್ಲ. ಅರ್ಹರನ್ನು ಕಡೆಗಣಿಸಿದರು, ಕನ್ನಡಕ್ಕೆ ಅನ್ಯಾಯವಾಯಿತು, ಅದೇ ವರ್ಗದ ಅದೇ ಮಂದಿಗೆ ಮತ್ತೆ ಮತ್ತೆ ಮನ್ನಣೆ ಎಂಬ ಮಾತುಗಳು ಪ್ರಶಸ್ತಿ ಪ್ರಕಟವಾದ ಮರುದಿನ ಕೇಳಿಬಂದು ವಾರದೊಳಗೆ ತಣ್ಣಗಾಗುತ್ತವೆ. ದೂರು ಸುಳ್ಳೆಂದು ಸಿದ್ಧವಾದುದರಿಂದ ಅವು ತಣ್ಣಗಾಗುವುದಲ್ಲ. ಅದನ್ನು ನಿಜವೆಂದಾಗಲಿ ಸುಳ್ಳೆಂದಾಗಲಿ ತೋರಿಸಲು ಬೇಕಾದ ದಾಖಲೆಯೇ ಹೊರಗೆ ಬರುವುದಿಲ್ಲ.

ಅಮೆರಿಕದ ಆಸ್ಕರ್ ಪ್ರಶಸ್ತಿಗಳ ಸಂಗತಿಯನ್ನು ಇಲ್ಲಿ ಹೋಲಿಸಿ ನೋಡಬಹುದು. 2015ರಲ್ಲಿ ಅಭಿನಯದ ನಾಲ್ಕು ವಿಭಾಗಗಳಿಗೆ ನಾಮನಿರ್ದೇಶನಗೊಂಡ 20 ಮಂದಿಯೂ ಬಿಳಿಯರಾಗಿದ್ದರು. 2016ರಲ್ಲಿಯೂ ಅದೇ ಪುನರಾವರ್ತನೆಯಾಯಿತು. ಏಪ್ರಿಲ್ ರೇನ್ ಎಂಬ ಮಹಿಳೆ ಸಾಮಾಜಿಕ ಜಾಲತಾಣದಲ್ಲಿ ಆರಂಭಿಸಿದ ಒಂದು ಸಾಲಿನ ಪ್ರತಿಭಟನೆ ಜಗತ್ತಿನಾದ್ಯಂತ ಹಬ್ಬಿ, 2016ರಲ್ಲಿ ಆ ಅಕಾಡೆಮಿಯು ತನ್ನ ಸದಸ್ಯತ್ವದಲ್ಲಿ ಮಹಿಳೆಯರ ಹಾಗೂ ಬಿಳಿಯರಲ್ಲದವರ ಸಂಖ್ಯೆಯನ್ನು 2020ರೊಳಗೆ ಇಮ್ಮಡಿಗೊಳಿಸುವೆನೆಂದು ಘೋಷಿಸಬೇಕಾಯಿತು. 2024ರಲ್ಲಿ ಬಾರ್ಬಿ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ನಾಮನಿರ್ದೇಶನ ದೊರೆತು, ಅದರ ನಿರ್ದೇಶಕಿ ಗ್ರೆಟಾ ಗರ್ವಿಗ್ ಅವರಿಗೆ ನಿರ್ದೇಶನ ವಿಭಾಗದಲ್ಲಿ ದೊರೆಯದೆ ಹೋದಾಗ ಮತ್ತೊಂದು ಚರ್ಚೆ ನಡೆಯಿತು. ಆ ಅಕಾಡೆಮಿ ನ್ಯಾಯವಂತವೆಂದು ಇದರಿಂದ ಹೇಳಲಾಗದು. ಅದು ತಪ್ಪು ಮಾಡಿದಾಗ ತಪ್ಪನ್ನು ಎಣಿಸಿ ತೋರಿಸಬಹುದು ಎಂಬಷ್ಟೇ ಇಲ್ಲಿಯ ಮಾತು. ಇಪ್ಪತ್ತಕ್ಕೆ ಇಪ್ಪತ್ತು ಎಂದು ಲೆಕ್ಕ ಹೇಳಲು ಇಪ್ಪತ್ತು ಹೆಸರುಗಳು ಅಚ್ಚಾಗಿರಬೇಕು.

ಭಾರತದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಾಮನಿರ್ದೇಶನವೆಂಬ ಹಂತವೇ ಇಲ್ಲ. ಆಯಾ ವರ್ಷ ಪ್ರಮಾಣಪತ್ರ ಪಡೆದ ಚಿತ್ರಗಳ ನಿರ್ಮಾಪಕರು ಅರ್ಜಿ ಹಾಕುತ್ತಾರೆ, ಇಂಗ್ಲಿಷ್ ಅಡಿಬರಹಗಳೊಡನೆ ಪ್ರತಿಯನ್ನು ಕಳುಹಿಸುತ್ತಾರೆ. 2009ರ ಸಾಲಿನ ಪ್ರಶಸ್ತಿಗಳಿಂದ ಈಚೆಗೆ ಎರಡು ಹಂತದ ಆಯ್ಕೆ ಜಾರಿಯಲ್ಲಿದೆ: ಮೊದಲು ಐದು ಪ್ರಾದೇಶಿಕ ಸಮಿತಿಗಳು ಚಿತ್ರಗಳನ್ನು ನೋಡಿ ಜರಡಿ ಹಿಡಿಯುತ್ತವೆ, ಅನಂತರ ಕೇಂದ್ರ ಸಮಿತಿಯು ದೆಹಲಿಯಲ್ಲಿ ಕುಳಿತು ತೀರ್ಮಾನಿಸುತ್ತದೆ. ಪತ್ರಿಕೆಗಳಿಗೆ ಬರುವುದು ಗೆದ್ದವರ ಪಟ್ಟಿ ಮಾತ್ರ. ಕೊನೆಯ ಸುತ್ತಿನಲ್ಲಿ ಯಾರ ಹೆಸರು ಚರ್ಚೆಗೆ ಬಂದಿತ್ತು, ಯಾವ ಚಿತ್ರ ಒಂದು ಮತದಿಂದ ಹಿಂದೆ ಬಿದ್ದಿತು ಎಂಬುದು ಆ ಕೊಠಡಿಯಲ್ಲಿಯೇ ಮುಗಿದುಹೋಗುತ್ತದೆ. ರಾಜ್ಯ ಪ್ರಶಸ್ತಿಗಳ ರೀತಿಯೂ ಬೇರೆಯಲ್ಲ.

ಇರುವ ಪಟ್ಟಿಯನ್ನಾದರೂ ಸ್ವಲ್ಪ ಹತ್ತಿರದಿಂದ ನೋಡಬಹುದು. ತುಮಕೂರು ಜಿಲ್ಲೆಗೆ ಈ ಪ್ರಶಸ್ತಿಗಳೊಡನೆ ಹಳೆಯ ನಂಟುಂಟು. ಗುಬ್ಬಿ ವೀರಣ್ಣನವರ ಸಂಸ್ಥೆಯಿಂದ ಬಂದ, ಎಚ್.ಎಲ್.ಎನ್. ಸಿಂಹ ನಿರ್ದೇಶನದ, ರಾಜಕುಮಾರ್ ಮೊದಲ ಬಾರಿಗೆ ನಾಯಕರಾದ 1954ರ ಬೇಡರ ಕಣ್ಣಪ್ಪ ಚಿತ್ರಕ್ಕೆ ಕೇಂದ್ರ ಸರ್ಕಾರದ ಅರ್ಹತಾ ಪತ್ರ ದೊರೆತಿತ್ತು. ಅಲ್ಲಿಂದ 16 ವರ್ಷಗಳ ಅನಂತರ, ಮೊದಲು ಸೆನ್ಸಾರ್ ಮಂಡಳಿಯಿಂದ ನಿಷೇಧಕ್ಕೊಳಗಾಗಿದ್ದ ಸಂಸ್ಕಾರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಬಂದಿತು. ಅದೂ ಸೇರಿ ಕನ್ನಡಕ್ಕೆ ಆ ಅತ್ಯುನ್ನತ ಪ್ರಶಸ್ತಿ ಆರು ಬಾರಿ ಸಂದಿದೆ: 1970ರಲ್ಲಿ ಸಂಸ್ಕಾರ, 1975ರಲ್ಲಿ ಚೋಮನ ದುಡಿ, 1977ರಲ್ಲಿ ಘಟಶ್ರಾದ್ಧ, 1986ರಲ್ಲಿ ತಬರನ ಕಥೆ, 1997ರಲ್ಲಿ ತಾಯಿ ಸಾಹೇಬ, 2001ರಲ್ಲಿ ದ್ವೀಪ. ಆಮೇಲೆ ಇಲ್ಲ.

ಈ ಆರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕೆಲವು ಸಂಗತಿಗಳು ತಾವಾಗಿಯೇ ಎದ್ದು ಕಾಣುತ್ತವೆ. ಆರೂ ಸಾಹಿತ್ಯಕೃತಿಗಳನ್ನು ಆಧರಿಸಿದವು: ಎರಡು ಅನಂತಮೂರ್ತಿಯವರವು, ಉಳಿದವು ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ ಅವರವು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಸಂತೋಷದ ಸಂಗತಿ. ನಾಲ್ಕು ಚಿತ್ರಗಳ ನಿರ್ದೇಶಕರು ಗಿರೀಶ ಕಾಸರವಳ್ಳಿಯವರೊಬ್ಬರೇ. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಭಾಷೆಯ ಇಡೀ ಚಿತ್ರರಂಗವು ದೆಹಲಿಯ ಕಣ್ಣಿಗೆ ಒಬ್ಬರ ಮೂಲಕವೇ ಕಾಣುತ್ತಿದ್ದಿತೆಂದರೆ ಅದು ಆ ಕಣ್ಣಿನ ಬಗ್ಗೆಯೂ ಏನನ್ನೋ ಹೇಳುತ್ತದೆ. ಮೂರನೆಯದು ನೆಲದ ಸಂಗತಿ. ಅಗ್ರಹಾರ, ವೇದಪಾಠಶಾಲೆ, ಅಡಕೆ ತೋಟ, ಮುಳುಗಡೆಯ ನಡುಗಡ್ಡೆ, ದಕ್ಷಿಣ ಕನ್ನಡದ ಧಣಿಯ ಗದ್ದೆ: ಹೆಚ್ಚಿನವು ಮಲೆನಾಡು ಮತ್ತು ಕರಾವಳಿಯ ಕಥೆಗಳು. ಉತ್ತರ ಕರ್ನಾಟಕಕ್ಕೆ ತಾಯಿ ಸಾಹೇಬ ಒಂದು. ಬಯಲುಸೀಮೆಗೆ ಸೊನ್ನೆ.

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ ಕುಳಿತು ಈ ಪಟ್ಟಿಯನ್ನು ಓದುವವರಿಗೆ ಆ ಸೊನ್ನೆ ಬೇರೆಯವರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಈ ಒಣನೆಲದಲ್ಲಿ ಕಥೆಗಳಿಗೆ ಬರವಿಲ್ಲ. ಕಾಡುಗೊಲ್ಲರು ತಲೆಮಾರುಗಳಿಂದ ಹಾಡುತ್ತ ಬಂದ ಜುಂಜಪ್ಪನ ಕಾವ್ಯವಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಪಾವಗಡದ ಮಕ್ಕಳಿದ್ದಾರೆ. ಶೇಂಗಾ ಬೆಳೆ ಕೈಕೊಟ್ಟ ಹೊಲಗಳನ್ನು ಗುತ್ತಿಗೆಗೆ ಕೊಟ್ಟು, ಸುಮಾರು 13,000 ಎಕರೆಯಲ್ಲಿ ತಿರುಮಣಿಯ ಸುತ್ತ ಹರಡಿದ ಸೌರಫಲಕಗಳನ್ನು ನೋಡುತ್ತ ಕುಳಿತ ರೈತರಿದ್ದಾರೆ. ಮಳೆ ಸುರಿಯುವ ಹೆಂಚಿನ ಮನೆ ಕಲಾತ್ಮಕವೆಂದೂ ಬಿಸಿಲು ಸುರಿಯುವ ಬಂಡೆ ಬರಿಯ ಬಂಡೆಯೆಂದೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಪಟ್ಟಿ ಮಾತ್ರ ಹಾಗೆ ಹೇಳುತ್ತಿರುವಂತೆ ತೋರುತ್ತದೆ.

ಈ ಸೀಮೆಗೂ ಜೈನ ಸಾಹಿತ್ಯಕ್ಕೂ ಚಲನಚಿತ್ರಕ್ಕೂ ಒಟ್ಟಿಗೆ ಸಂಬಂಧಪಟ್ಟ ಒಂದು ಉದಾಹರಣೆಯನ್ನು ಬಿಡಿಸಿ ನೋಡುವುದು ಉಚಿತ. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪನವರು ಜನ್ನನ ಯಶೋಧರ ಚರಿತೆಯನ್ನು ಆಧರಿಸಿ ಅಮೃತಮತಿ ಚಿತ್ರವನ್ನು ನಿರ್ದೇಶಿಸಿದರು. ಹರಿಪ್ರಿಯಾ ಅಮೃತಮತಿಯಾಗಿ, ಕಿಶೋರ್ ಯಶೋಧರನಾಗಿ ಅಭಿನಯಿಸಿದರು. 1209ರಲ್ಲಿ ಜನ್ನನು ಬರೆದ ಕಾವ್ಯವು ಸಂಕಲ್ಪಹಿಂಸೆಯ ಕಥೆ: ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ತಾಯಿ ಮಗ ಜನ್ಮಜನ್ಮಾಂತರಗಳಲ್ಲಿ ತೊಳಲುವ ಕಥೆ. ರಾತ್ರಿ ಕೇಳಿಬಂದ ಮಾವುತನ ಹಾಡಿಗೆ ಮನಸೋತ ರಾಣಿ ಆ ಕಾವ್ಯದಲ್ಲಿ ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುವವಳು. ಕಾವ್ಯಧರ್ಮ ಅವಳನ್ನು ಕ್ಷಮಿಸುವುದಿಲ್ಲ. ಚಿತ್ರವು ಕಥೆಯನ್ನು ಅವಳ ಕಡೆಯಿಂದ ನೋಡಲೆತ್ನಿಸಿತು. ಜೈನ ದೃಷ್ಟಿಯಿಂದ ಈ ಮರುವ್ಯಾಖ್ಯಾನವನ್ನು ಒಪ್ಪದವರು ಇರಬಹುದು. ಅಹಿಂಸೆಯ ತತ್ತ್ವವನ್ನು ಹಿನ್ನೆಲೆಗೆ ಸರಿಸಿ ದಾಂಪತ್ಯದ ಪ್ರಶ್ನೆಯನ್ನು ಮುಂದೆ ತಂದರೆ ಜನ್ನನ ಕಾವ್ಯದ ಬೆನ್ನೆಲುಬೇ ಜಾರುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅಂತಹ ವಾದ ಹುಟ್ಟಬೇಕಾದರೆ ಮೊದಲು ಚಿತ್ರವನ್ನು ಜನ ಕಾಣಬೇಕು. ಸಾವಿರ ವರ್ಷಗಳ ಜೈನ ಕಾವ್ಯಪರಂಪರೆಯಿಂದ ಕನ್ನಡ ಚಿತ್ರರಂಗ ಎತ್ತಿಕೊಂಡ ವಸ್ತುಗಳು ಬಹಳ ಕಡಿಮೆ. ಆ ಕೆಲವುಗಳಲ್ಲಿ ಇದೊಂದು.

ಅಮೃತಮತಿ ಹಲವು ಅಂತರರಾಷ್ಟ್ರೀಯ ಚಿತ್ರೋತ್ಸವಗಳಲ್ಲಿ ಪ್ರದರ್ಶನ ಕಂಡಿತು. ರಾಷ್ಟ್ರ ಪ್ರಶಸ್ತಿಗಳಲ್ಲಿ 2019ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ಅಕ್ಷಿ, 2020ರ ಸಾಲಿಗೆ ಡೊಳ್ಳು ಆಯ್ಕೆಯಾದವು. ಎರಡು ವರ್ಷಗಳ ಪಟ್ಟಿಯಲ್ಲಿಯೂ ಅಮೃತಮತಿಯ ಹೆಸರಿಲ್ಲ. ಸಮಿತಿಯು ನೋಡಿ ಬೇಡವೆಂದಿತೇ, ಪ್ರಾದೇಶಿಕ ಹಂತದಲ್ಲಿಯೇ ಕೈಬಿಟ್ಟಿತೇ, ಕೊನೆಯ ಸುತ್ತಿನವರೆಗೆ ಹೋಗಿ ನಿಂತಿತೇ, ಅಥವಾ ಸ್ಪರ್ಧೆಗೇ ಹೋಗಲಿಲ್ಲವೇ ಎಂಬುದನ್ನು ಪ್ರಕಟವಾದ ಪಟ್ಟಿಯಿಂದ ತಿಳಿಯುವ ದಾರಿಯಿಲ್ಲ. ಈ ನಾಲ್ಕು ಸ್ಥಿತಿಗಳು ಒಂದಕ್ಕೊಂದು ತೀರ ಭಿನ್ನವಾದವು. ಮೊದಲನೆಯದು ವಿಮರ್ಶೆ, ಕೊನೆಯದು ಬರಿಯ ಗೈರುಹಾಜರಿ. ಎಲ್ಲವೂ ಒಂದೇ ಮೌನದಲ್ಲಿ ಬೆರೆತುಹೋಗುತ್ತವೆ.

ಕಡೆಗಣನೆಯ ಮಾತು ಬಂದಾಗ ಕನ್ನಡಿಗರ ನಾಲಗೆಗೆ ಮೊದಲು ಬರುವುದು ರಾಜಕುಮಾರ್ ಅವರ ಹೆಸರು. ಅವರಿಗೆ ರಾಷ್ಟ್ರಮಟ್ಟದ ಅತ್ಯುತ್ತಮ ನಟ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಕಸ್ತೂರಿ ನಿವಾಸ ತೆರೆಕಂಡ 1971ರಲ್ಲಿ ಆ ಪ್ರಶಸ್ತಿ ತಮಿಳಿನ ರಿಕ್ಷಾಕಾರನ್ ಚಿತ್ರಕ್ಕಾಗಿ ಎಂ.ಜಿ. ರಾಮಚಂದ್ರನ್ ಅವರಿಗೆ ಸಂದಿತು. ಬಂಗಾರದ ಮನುಷ್ಯದ ವರ್ಷ ಕೋಶಿಶ್ ಚಿತ್ರಕ್ಕಾಗಿ ಸಂಜೀವ ಕುಮಾರ್ ಪಡೆದರು. ಎರಡನೆಯದನ್ನು ಆಕ್ಷೇಪಿಸುವುದು ಕಷ್ಟ. ಮೊದಲನೆಯದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾಗದು. ರಾಜಕುಮಾರ್ ಅವರಿಗೆ ಸ್ಪರ್ಧೆಯ ರಾಷ್ಟ್ರ ಪ್ರಶಸ್ತಿ ಕೊನೆಗೆ ಬಂದುದು ಜೀವನ ಚೈತ್ರದ ಗಾಯನಕ್ಕೆ. 1995ರಲ್ಲಿ ಫಾಲ್ಕೆ ಪ್ರಶಸ್ತಿಯ ಗೌರವವೂ ಸಂದಿತು. ಕನ್ನಡ ಕಾವ್ಯಚರಿತ್ರೆಯಲ್ಲಿ ಇದಕ್ಕೆ ಸಮನಾದ ಒಂದು ಸಂಗತಿಯುಂಟು. ಕವಿಚಕ್ರವರ್ತಿಗಳೆಂದರೆ ಪೊನ್ನ, ರನ್ನ, ಜನ್ನ; ಮೂವರೂ ಜೈನರೇ, ಮೂವರಿಗೂ ಅರಸರಿಂದ ಬಂದ ಬಿರುದು. ಆದಿಕವಿ ಪಂಪನಿಗೆ ಆ ಬಿರುದಿಲ್ಲ. ಪಂಪನಿಗೆ ಅದರಿಂದ ಕೊರತೆಯೇನೂ ಆಗಲಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಅರಿಕೇಸರಿಯಿಂದ ಅಗ್ರಹಾರ ಪಡೆದ ಪಂಪನ ವಿಷಯದಲ್ಲಿ, ಕೋಟ್ಯಂತರ ಜನರ ಪ್ರೀತಿ ಪಡೆದ ರಾಜಕುಮಾರ್ ಅವರ ವಿಷಯದಲ್ಲಿ ಆ ಸಮಾಧಾನ ನಡೆಯುತ್ತದೆ. ಹೆಸರಿಲ್ಲದವರ ವಿಷಯದಲ್ಲಿ ನಡೆಯುವುದಿಲ್ಲ.

2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವಾದ ತಿಥಿಯನ್ನು ನೋಡಿದವರಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಕಥೆಯಲ್ಲಿ ಕೈಜೋಡಿಸಿದ ಆ ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಗಡ್ಡಪ್ಪನ ಪಾತ್ರ ಮಾಡಿದ ವೃದ್ಧರು ಕ್ಯಾಮೆರಾದ ಮುಂದೆ ನಡೆದುಹೋಗುವ ರೀತಿಯಲ್ಲಿ ನಟನೆಯೆಂಬುದೇ ಕಾಣದು. ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಎರಡು ಪ್ರಶಸ್ತಿಗಳು ದೊರೆತವು. ಅದೇ ವರ್ಷ ರಾಷ್ಟ್ರೀಯ ಅತ್ಯುತ್ತಮ ನಟ ಪ್ರಶಸ್ತಿ ಪೀಕು ಚಿತ್ರದ ವೃದ್ಧನ ಪಾತ್ರಕ್ಕಾಗಿ ಅಮಿತಾಭ್ ಬಚ್ಚನ್ ಅವರಿಗೆ ಸಂದಿತು. ಇಬ್ಬರಲ್ಲಿ ಯಾರು ಮೇಲೆಂಬುದು ರುಚಿಯ ಪ್ರಶ್ನೆ. ಆದರೆ ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿ ಅಚ್ಚಾಗಿದ್ದರೆ ಮಂಡ್ಯದ ಹಳ್ಳಿಯ ಒಬ್ಬ ರೈತನೂ ಅಮಿತಾಭ್ ಬಚ್ಚನ್ನರೂ ಒಂದೇ ಮಣೆಯ ಮೇಲೆ ಕುಳಿತರು ಎಂಬ ದಾಖಲೆ ಉಳಿಯುತ್ತಿತ್ತು. ಪ್ರಶಸ್ತಿಯ ಹಣಕ್ಕಿಂತ ಅದು ಕಡಿಮೆಯದಲ್ಲ.

ಆಯ್ಕೆಗಾರರ ಕಿವಿಯ ಬಗ್ಗೆಯೂ ಒಂದು ಮಾತು. 2020ರ ಸಾಲಿನಲ್ಲಿ ಡೊಳ್ಳು ಚಿತ್ರಕ್ಕೆ ಕನ್ನಡ ಚಿತ್ರದ ಪ್ರಶಸ್ತಿಯ ಜೊತೆಗೆ ಚಿತ್ರೀಕರಣ ಸ್ಥಳದಲ್ಲಿಯೇ ಮಾಡಿದ ಧ್ವನಿಗ್ರಹಣಕ್ಕೂ ಪ್ರಶಸ್ತಿ ಬಂದಿತು. ಕೂಡಲೇ ಆ ಚಿತ್ರದ ಧ್ವನಿವಿನ್ಯಾಸಕರೇ, ಅದು ಸ್ಥಳದಲ್ಲಿ ಧ್ವನಿ ಹಿಡಿದ ಚಿತ್ರವಲ್ಲ, ಅನಂತರ ಡಬ್ಬಿಂಗ್ ಮಾಡಿದ್ದು ಎಂದು ಬಹಿರಂಗವಾಗಿ ಹೇಳಿದರು. ಯಾರ ದುರುದ್ದೇಶವೂ ಇಲ್ಲಿರಬೇಕಾಗಿಲ್ಲ. ಕನ್ನಡ ಬಾರದ ಕಿವಿಗೆ ತುಟಿಯ ಚಲನೆ, ಮಾತಿನ ಉಸಿರು, ಊರಿನ ಗದ್ದಲ ಇವುಗಳ ನಡುವಣ ಸಂಬಂಧ ಅಷ್ಟು ಬೇಗ ತಿಳಿಯದು. ಕಣ್ಣು ಅಡಿಬರಹದ ಮೇಲಿರುತ್ತದೆ. ಡಬ್ಬಿಂಗ್ ಆಗಿರುವುದೇ ಕೇಳದ ಕಿವಿಗೆ ಶಿರಾದ ಕನ್ನಡಕ್ಕೂ ಶೃಂಗೇರಿಯ ಕನ್ನಡಕ್ಕೂ ಇರುವ ಅಂತರ ಕೇಳೀತೆಂದು ನಿರೀಕ್ಷಿಸುವುದು ಹೆಚ್ಚಾಯಿತು. ಅಮೃತಮತಿಯಾದರೋ ಕತ್ತಲೆಯಲ್ಲಿ ಬರಿಯ ಕಿವಿಯಿಂದಲೇ ಒಲಿದವಳು.

ದೆಹಲಿಯತ್ತ ಬೆರಳು ತೋರಿಸುವಾಗ ಬೆಂಗಳೂರನ್ನು ಬಿಡುವಂತಿಲ್ಲ. ಕನ್ನಡಕ್ಕೆ ರಾಷ್ಟ್ರಮಟ್ಟದಲ್ಲಿ ಪ್ರಾದೇಶಿಕ ಭಾಷೆಯೆಂಬ ಒಂದು ಗೂಡು ಕೊಟ್ಟು ಸುಮ್ಮನಾಗಿಸುತ್ತಾರೆಂಬುದು ಹಳೆಯ ಆಕ್ಷೇಪ. ಕರ್ನಾಟಕದ ರಾಜ್ಯ ಪ್ರಶಸ್ತಿಗಳು ತುಳು, ಕೊಡವ, ಕೊಂಕಣಿ, ಬ್ಯಾರಿ, ಬಂಜಾರ ಭಾಷೆಗಳಿಗೆ ಮಾಡುವುದೂ ಅದನ್ನೇ: ಎಲ್ಲಕ್ಕೂ ಸೇರಿ ಪ್ರಾದೇಶಿಕ ಭಾಷಾ ಚಿತ್ರವೆಂಬ ಒಂದು ಗೂಡು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇಲ್ಲದ ತುಳುವಿಗೆ ರಾಷ್ಟ್ರ ಪ್ರಶಸ್ತಿಗಳಲ್ಲಿ ಪ್ರತ್ಯೇಕ ಮನ್ನಣೆ ಆಗಾಗ ದೊರೆತಿದೆ. ಮದಿಪು, ಪಡ್ಡಾಯಿ, ಪಿಂಗಾರ ಚಿತ್ರಗಳು ಹಾಗೆ ಬಂದವು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ದ್ವೀಪದ ಅನಂತರ ಕರ್ನಾಟಕದ ನೆಲದ ಭಾಷೆಯೊಂದಕ್ಕೆ ದೇಶದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂದದ್ದು ಕನ್ನಡಕ್ಕಲ್ಲ, 2011ರ ಬ್ಯಾರಿ ಚಿತ್ರಕ್ಕೆ. ಆ ಚಿತ್ರದ ಕಥೆ ತಮ್ಮ ಚಂದ್ರಗಿರಿಯ ತೀರದಲ್ಲಿ ಕಾದಂಬರಿಯದೆಂದು ಸಾರಾ ಅಬೂಬಕ್ಕರ್ ಅವರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಪ್ರಶಸ್ತಿಯ ಬೆಳಕಿನಲ್ಲಿ ಲೇಖಕಿಯ ಹೆಸರು ಇರಲಿಲ್ಲ.

ಯಾರ ಬದುಕು ತೆರೆಯ ಮೇಲೆ ಬರುತ್ತದೆ, ಯಾರ ಕೈಗೆ ಪದಕ ಬರುತ್ತದೆ ಎಂಬ ಅಂತರವೂ ಗಮನಿಸತಕ್ಕದ್ದು. ಸ್ವಂತ ಬೇಸಾಯದ ಹಂಬಲದಲ್ಲಿ ಸಾಯುವ ಚೋಮನನ್ನು ತೆರೆಗೆ ತಂದ ಎಂ.ವಿ. ವಾಸುದೇವರಾಯರಿಗೂ, ಲಿಂಗಪರಿವರ್ತನೆಯ ನೋವನ್ನು ನಾನು ಅವನಲ್ಲ ಅವಳು ಚಿತ್ರದಲ್ಲಿ ತಂದ ಸಂಚಾರಿ ವಿಜಯ್ ಅವರಿಗೂ ಅತ್ಯುತ್ತಮ ನಟ ಪ್ರಶಸ್ತಿಗಳು ನ್ಯಾಯವಾಗಿಯೇ ಸಂದವು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಹುಟ್ಟಿದ ಆ ಚಿತ್ರದ ಅನಂತರ, ಆ ಬದುಕನ್ನು ಬದುಕಿದವರಿಗೇ ಅಭಿನಯದ ಅವಕಾಶ ಎಷ್ಟು ಸಿಕ್ಕಿತೆಂದು ಕೇಳಿದರೆ ಉತ್ತರ ತೊದಲುತ್ತದೆ. ಮಹಿಳೆಯರ ಸಂಗತಿಯೂ ಹೆಚ್ಚು ಭಿನ್ನವಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ಫಣಿಯಮ್ಮ 1980ರ ದಶಕದ ಆರಂಭದಲ್ಲಿಯೇ ಕನ್ನಡದ ಅತ್ಯುತ್ತಮ ಚಿತ್ರವೆನಿಸಿತ್ತು. 2023ರ ಸಾಲಿನಲ್ಲಿ ಯಶೋದಾ ಪ್ರಕಾಶ್ ನಿರ್ದೇಶನದ ಕಂದೀಲು ಅದೇ ಸ್ಥಾನ ಪಡೆದಾಗಲೂ ನಿರ್ದೇಶಕಿ ಎಂಬ ಪದವನ್ನು ಪತ್ರಿಕೆಗಳು ವಿಶೇಷವಾಗಿಯೇ ಎತ್ತಿ ಹೇಳಬೇಕಾಯಿತು. ನಡುವೆ ನಾಲ್ಕು ದಶಕಗಳು ಸರಿದಿದ್ದವು.

ನಾಮನಿರ್ದೇಶನದ ಪಟ್ಟಿಯನ್ನು ಪ್ರಕಟಿಸಿದರೆ ಲಾಬಿ ಹೆಚ್ಚುತ್ತದೆ, ಸೋತವರಿಗೆ ಮುಜುಗರವಾಗುತ್ತದೆ ಎಂಬ ವಾದವುಂಟು. ಅಮೆರಿಕದಲ್ಲಿ ನಾಮನಿರ್ದೇಶನಕ್ಕಾಗಿ ನಿರ್ಮಾಣ ಸಂಸ್ಥೆಗಳು ಸುರಿಯುವ ಹಣವನ್ನು ನೋಡಿದರೆ ಮೊದಲ ಮಾತನ್ನು ತಳ್ಳಿಹಾಕಲಾಗದು. ಆದರೆ ಪಟ್ಟಿಯನ್ನು ಮತದಾನಕ್ಕೆ ಮೊದಲೇ ಹೊರಗಿಡಬೇಕೆಂಬ ನಿಯಮವೇನೂ ಇಲ್ಲ. ಗೆದ್ದವರ ಹೆಸರಿನೊಡನೆಯೇ ಕೊನೆಯ ಸುತ್ತಿನ ಐದು ಹೆಸರುಗಳನ್ನು ಪ್ರಕಟಿಸಿದರೆ ಲಾಬಿಗೆ ಸಮಯವೆಲ್ಲಿ? ಮುಜುಗರದ ಮಾತಂತೂ ನಿಲ್ಲುವುದಿಲ್ಲ. ಕೊನೆಯ ಐವರಲ್ಲಿ ಒಬ್ಬರೆನಿಸುವುದು ಯಾವ ಕಲಾವಿ‌ದರಿಗೂ ಅವಮಾನವಲ್ಲ.

ಪಟ್ಟಿ ಹೊರಬಂದರೆ ಏನಾಗುತ್ತದೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. 2024ರ ಸೆಪ್ಟೆಂಬರಿನಲ್ಲಿ ಭಾರತದ ಪರವಾಗಿ ಆಸ್ಕರಿಗೆ ಕಳುಹಿಸುವ ಚಿತ್ರವನ್ನು ಆರಿಸಿದಾಗ, ಪರಿಶೀಲನೆಗೆ ಬಂದಿದ್ದ 29 ಚಿತ್ರಗಳ ಹೆಸರುಗಳೂ 13 ಮಂದಿ ಆಯ್ಕೆಗಾರರೂ ಪುರುಷರೇ ಎಂಬ ಸಂಗತಿಯೂ ಬೆಳಕಿಗೆ ಬಂದವು. ಲಾಪತಾ ಲೇಡೀಸ್ ಸರಿಯೇ, ಕಾನ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆದ ಪಾಯಲ್ ಕಪಾಡಿಯಾ ಅವರ ಚಿತ್ರವನ್ನು ಏಕೆ ಬಿಟ್ಟರು ಎಂದು ದೇಶವೆಲ್ಲ ವಾದಿಸಿತು. ವಾದಿಸಲು ಕೈಯಲ್ಲಿ ಪಟ್ಟಿಯಿತ್ತು. ಆ ಪಟ್ಟಿಯನ್ನು ಓದಿದ ಕನ್ನಡಿಗರಿಗೆ ಮತ್ತೊಂದು ಸಂಗತಿ ತಿಳಿಯಿತು: ಹಿಂದಿ, ತಮಿಳು, ಮಲಯಾಳಂ, ತೆಲುಗು, ಮರಾಠಿ, ಒಡಿಯಾ ಚಿತ್ರಗಳಿದ್ದ ಅದರಲ್ಲಿ ಕನ್ನಡದ್ದು ಒಂದೂ ಇರಲಿಲ್ಲ. 1957ರ ಮದರ್ ಇಂಡಿಯಾದಿಂದ ಈವರೆಗೆ ಕನ್ನಡ ಚಿತ್ರವೊಂದು ಭಾರತದ ಅಧಿಕೃತ ಆಯ್ಕೆಯಾಗಿ ಹೋಗಿಲ್ಲವೆಂಬ ಕೊರಗಿಗೆ ಆ ವರ್ಷದ ಮಟ್ಟಿಗಾದರೂ ಉತ್ತರ ದೆಹಲಿಯಲ್ಲಿರಲಿಲ್ಲ, ಗಾಂಧಿನಗರದಲ್ಲಿತ್ತು. ಇಂತಹ ಕಹಿ ತಿಳಿವನ್ನು ಕೊಡಬಲ್ಲದ್ದೂ ಪಟ್ಟಿಯೇ.

ಕರ್ನಾಟಕ ಸರ್ಕಾರವು 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳನ್ನು ಪ್ರಕಟಿಸಿದ್ದು 2025ರ ಜನವರಿಯಲ್ಲಿ. ಪೈಲ್ವಾನ್ ಚಿತ್ರಕ್ಕಾಗಿ ಅತ್ಯುತ್ತಮ ನಟರೆಂದು ಆಯ್ಕೆಯಾದ ಸುದೀಪ್ ಅವರು, ಪ್ರಶಸ್ತಿಗಳನ್ನು ಸ್ವೀಕರಿಸದಿರಲು ಹಲವು ವರ್ಷಗಳ ಹಿಂದೆಯೇ ತೀರ್ಮಾನಿಸಿರುವುದಾಗಿ ತಿಳಿಸಿ, ಅರ್ಹರಾದ ಬೇರೆ ನಟರು ಅನೇಕರಿದ್ದಾರೆ, ಅವರಲ್ಲೊಬ್ಬರಿಗೆ ಸಂದರೆ ಸಂತೋಷವೆಂಬ ಅಭಿಪ್ರಾಯವನ್ನು ವಿನಯದಿಂದ ವ್ಯಕ್ತಪಡಿಸಿದರು. ಆ ಬೇರೆಯವರು ಯಾರೆಂಬುದು ಆಯ್ಕೆ ಸಮಿತಿಯ ಸದಸ್ಯರಿಗೆ ಗೊತ್ತಿದ್ದಿರಬೇಕು. ಸಮಿತಿಯ ಹೊರಗೆ ಅದು ಎಲ್ಲಿಯೂ ಅಚ್ಚಾಗಿಲ್ಲ.